ಕೆಂಪು ಫೈಲಿಗೆ ಇನ್ನೊಂದು ಕಾಗದ

ವನಿತಾಳಿಗೆ ಸಿಟ್ಟು ಬಂದರೆ ದನಿ ಏರುವುದಿಲ್ಲ, ಇಳಿಯುತ್ತದೆ. ಚಾಮರಾಜನಗರದ ಆ ಸಾಫ್ಟ್‌ವೇರ್ ಕಚೇರಿಯಲ್ಲಿ ಅವಳ ಕೈಕೆಳಗೆ ಕೆಲಸ ಮಾಡುವ ಏಳು ಜನಕ್ಕೂ ಇದು ಚೆನ್ನಾಗಿ ಗೊತ್ತು. ಅವಳು ಕೂಗಾಡುತ್ತಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ, ಅದು ದಿನದ ಪಾಡು. ಪಕ್ಕದ ಮೇಜಿಗೂ ಕೇಳಿಸದ ಹಾಗೆ ಮೆಲ್ಲಗೆ ಮಾತಾಡಿದಳೆಂದರೆ ಮಾತ್ರ ಎಲ್ಲರೂ ತಲೆ ತಗ್ಗಿಸಿ ಕೀಬೋರ್ಡು ಕುಟ್ಟತೊಡಗುತ್ತಾರೆ. ಆ ಸೋಮವಾರ ಬೆಳಿಗ್ಗೆ ಆರೂವರೆಗೆ ಗುಂಡ್ಲುಪೇಟೆಯಿಂದ ಫೋನು ಬಂದಾಗ ಅವಳು ಎಲ್ಲವನ್ನೂ ಕೇಳಿಸಿಕೊಂಡು "ಬತ್ತೀನಿ" ಎಂದಳು. ಎರಡು ಮಾರು ದೂರದಲ್ಲಿ ಒಲೆಯ ಮುಂದೆ ಕೂತಿದ್ದ ಅವ್ವ ಚಿಕ್ಕಮಾದಮ್ಮನಿಗೂ ಅದು ಕೇಳಿಸಲಿಲ್ಲ.

ಫೋನು ಮಾಡಿದ್ದು ಹೂವಿನ ಕೇಂದ್ರದ ಮ್ಯಾನೇಜರ್ ಸೋಮೇಶ್. ಗುಂಡ್ಲುಪೇಟೆ ಸುತ್ತ ಚೆಂಡು ಹೂವು ಬೆಳೆಯುವ ರೈತರೆಲ್ಲ ಹೂವು ತಂದು ಹಾಕುವುದು ಅಲ್ಲಿಗೆ, ಅಲ್ಲಿಂದ ಅದು ಬಣ್ಣ ತೆಗೆಯುವ ಕಾರ್ಖಾನೆಗೆ ಹೋಗುತ್ತದೆ. ಯಾರು ಯಾವ ದಿನ, ಎಷ್ಟು ಹೊತ್ತಿಗೆ ತರಬೇಕು ಎಂದು ರೈತನ ಫೋನಿಗೆ ಹಿಂದಿನ ಸಂಜೆಯೇ ಸರದಿಯ ಸಂದೇಶ ಹೋಗುತ್ತದೆ. ಸರದಿ ಇಲ್ಲದವನ ಗಾಡಿಗೆ ಗೇಟು ತೆಗೆಯುವುದಿಲ್ಲ. ಈ ಸರದಿ ಹಂಚುವ ಸಾಫ್ಟ್‌ವೇರು ವನಿತಾಳ ತಂಡದ್ದು. ಅವತ್ತು ಗೇಟಿನ ಮುಂದೆ ನಲವತ್ತಕ್ಕೂ ಹೆಚ್ಚು ಟೆಂಪೋ, ಆಟೋ ನಿಂತಿದ್ದವು. ಅಷ್ಟೂ ಮಹದೇವ ಎಂಬ ಹೆಸರಿನವರ ಗಾಡಿ, ಸರದಿ ಇದ್ದದ್ದು ಊರಿಗೊಬ್ಬ ಮಹದೇವನಿಗೆ ಮಾತ್ರ.

ಇದು ಏಕೆ ಹೀಗಾಯಿತೆಂದು ಬೇರೆ ಕಡೆಯವರಿಗೆ ಬಿಡಿಸಿ ಹೇಳಬೇಕಾದೀತು. ಈ ಸೀಮೆಯಲ್ಲಿ ಬೆಟ್ಟದ ಮಾದಪ್ಪನಿಗೆ ಹರಕೆ ಹೊತ್ತು ಹೆತ್ತ ಗಂಡು ಮಕ್ಕಳಿಗೆಲ್ಲ ಆ ದೇವರದೇ ಹೆಸರು. ಒಂದು ಊರಿನಲ್ಲಿ ನಿಂತು ಮಾದೇವ ಎಂದು ಕೂಗಿದರೆ ಒಂಬತ್ತು ಜನ ಓಗೊಡುತ್ತಾರೆ. ಅದಕ್ಕೇ ಜನ ಅವರನ್ನು ಕರೆಯುವ ಹೆಸರಿನಲ್ಲಿ ಬೇರೆ ಮಾಡಿಕೊಂಡಿದ್ದಾರೆ: ಬಾವಿ ಮನೆ ಮಾದೇವ, ಮೂಲೆಮನೆ ಮಾದೇವ, ಮಿಲ್ಟ್ರಿ ಮಾದೇವ, ಸೊಟ್ಟಮೂತಿ ಮಾದೇವ. ಸೊಟ್ಟಮೂತಿ ಎಂದರೆ ಅವನಿಗೂ ಬೇಜಾರಿಲ್ಲ, ಅವನ ಹೆಂಡತಿಗೂ ಬೇಜಾರಿಲ್ಲ. ಫೋನ್ ನಂಬರ್ ನೋಡಿ ಗುರುತು ಹಿಡಿಯೋಣವೆಂದರೆ ಒಂದೊಂದು ಊರಿನಲ್ಲೂ ಅರ್ಧ ಜನ ಹಾಲಿನ ಡೈರಿ ಕಾರ್ಯದರ್ಶಿಯ ನಂಬರನ್ನೇ ಕೊಟ್ಟಿದ್ದರು. ಹಾಗಾಗಿ ಸಾಫ್ಟ್‌ವೇರಿನಲ್ಲಿ 'ಕರೆಯುವ ಹೆಸರು' ಎಂದು ಒಂದು ಕಾಲಂ ಇತ್ತು. ಒಬ್ಬ ಮಹದೇವನನ್ನು ಇನ್ನೊಬ್ಬನಿಂದ ಬೇರೆ ಮಾಡುತ್ತಿದ್ದದ್ದು ಅದೊಂದೇ. ಶನಿವಾರ ಸಂಜೆ ಯಾರೋ ಆ ಕಾಲಮ್ಮನ್ನು ಕಿತ್ತು ಹಾಕಿ, ಒಂದೇ ಊರಿನ ಒಂದೇ ಹೆಸರಿನವರನ್ನೆಲ್ಲ ಒಟ್ಟು ಸೇರಿಸಿ ಒಬ್ಬನನ್ನಾಗಿ ಮಾಡಿದ್ದರು. ಭಾನುವಾರ ಸಂಜೆ ಡೈರಿ ಕಾರ್ಯದರ್ಶಿಯ ಫೋನಿಗೆ ಬರೀ 'ಮಹದೇವ' ಎಂದು ಸಂದೇಶ ಬಂದಾಗ ಊರಿನ ಮಾದೇವರೆಲ್ಲ ಅದು ತಮಗೇ ಎಂದುಕೊಂಡು ಹೂವು ಕಿತ್ತು ತಂದಿದ್ದರು.

ಯಾರು ಎಂಬುದು ವನಿತಾಳಿಗೆ ತೆರಕಣಾಂಬಿಯಲ್ಲಿ ಗೊತ್ತಾಯಿತು. ಅಲ್ಲಿನ ಬಸ್ ನಿಲ್ದಾಣದ ಮುಂದೆ, ಲ್ಯಾಪ್‌ಟಾಪಿನ ಚೀಲವನ್ನು ಎದೆಗವಚಿಕೊಂಡು ಶಿವಾನಿ ನಿಂತಿದ್ದಳು. ಅವಳು ತಂಡಕ್ಕೆ ಸೇರಿ ಐದು ತಿಂಗಳಾಗಿತ್ತಷ್ಟೇ. ಅತ್ತು ಅತ್ತು ಮುಖ ಊದಿತ್ತು.

"ಸಾರ್ ಫೋನ್ ಮಾಡಿದ್ರು ಅಕ್ಕ," ಎಂದಳು, ಸ್ಕೂಟರು ನಿಲ್ಲುವುದಕ್ಕೂ ಮುಂಚೆ. "ಶನಿವಾರ ಸಂಜೆ. ಆ ಕೆಟ್ಟ ಕೆಟ್ಟ ಹೆಸರೆಲ್ಲ ತೆಗೆದಾಕು, ಡಬ್ಬಲ್ ಡಬ್ಬಲ್ ಇರೋದ್ನ ಒಂದು ಮಾಡು ಅಂದ್ರು. ನಿಮ್ಗೂ ಕಳ್ಸಿದ್ದೆ ಅಕ್ಕ, ನೋಡಿ ಅಂತ."

ವನಿತಾ ಫೋನು ತೆಗೆದು ನೋಡಿದಳು. ಶನಿವಾರ ಏಳೂ ಹತ್ತಕ್ಕೆ ಶಿವಾನಿಯ ಸಂದೇಶ ಬಂದಿತ್ತು. ಕೆಳಗೆ ತಾನೇ ಒತ್ತಿದ್ದ ಹೆಬ್ಬೆರಳಿನ ಚಿತ್ರವಿತ್ತು. ಅವತ್ತು ಅವಳು ಚಿಕ್ಕಪ್ಪನ ಮನೆಯ ನಾಮಕರಣದಲ್ಲಿ ಎಲೆ ಮುಂದೆ ಕೂತಿದ್ದಳು. ಬಲಗೈ ಅನ್ನದಲ್ಲಿತ್ತು, ಎಡಗೈಯಲ್ಲಿ ಓದದೆಯೇ ಒತ್ತಿದ್ದಳು.

"ಅಳ್ಬೇಡ ಕಣಮ್ಮಿ. ಹತ್ಕೊ," ಎಂದಳು. ಅದೂ ಸರಿಯಾಗಿ ಕೇಳಿಸದೆ ಶಿವಾನಿ ಇನ್ನಷ್ಟು ಹತ್ತಿರ ಬಗ್ಗಿ ಕೇಳಿಸಿಕೊಳ್ಳಬೇಕಾಯಿತು.

ಗುಂಡ್ಲುಪೇಟೆಯವರೆಗೂ ಅವಳ ಸಿಟ್ಟು ಉರಿಯುತ್ತಲೇ ಇತ್ತು. ಅದು ಶಿವಾನಿ ಹೇಳಿದ 'ಸಾರ್', ಮಲ್ಲಿಕಾರ್ಜುನಸ್ವಾಮಿಯವರ ಮೇಲಿನದು. ಕಂಪನಿಯ ಮಾಲೀಕರು ಅವರು. ಗೊಬ್ಬರ, ಬಿತ್ತನೆ ಬೀಜದ ಅಂಗಡಿ ಅವರ ತಂದೆಯ ಕಾಲದ್ದು. ಅದರ ಮೇಲಿನ ಮಹಡಿಯಲ್ಲಿ ಕಂಪ್ಯೂಟರು ಸಾಲಾಗಿ ಇಟ್ಟು ಈ ಕಂಪನಿ ಮಾಡಿದ್ದರು. ಕೆಟ್ಟವರೆಂದು ಯಾರೂ ಹೇಳುವ ಹಾಗಿಲ್ಲ. ಹಬ್ಬಕ್ಕೆ ಎಲ್ಲರಿಗೂ ಬಟ್ಟೆ ಕೊಡಿಸುತ್ತಾರೆ, ಯಾರ ಮನೆಯಲ್ಲಿ ಸಾವಾದರೂ ಮೊದಲು ಬಂದು ನಿಲ್ಲುತ್ತಾರೆ. "ನಾವೆಲ್ಲ ಒಂದೇ ಮನೆಯವರು" ಎಂದು ವಾರಕ್ಕೊಮ್ಮೆಯಾದರೂ ಹೇಳುತ್ತಾರೆ. ಆ ಮನೆಯ ಯಜಮಾನ ಯಾರು ಎಂಬುದರಲ್ಲಿ ಮಾತ್ರ ಯಾರಿಗೂ ಅನುಮಾನ ಬರಗೊಡುವುದಿಲ್ಲ.

ಅವರ ತಂದೆ ಊರ ಚಾವಡಿಯಲ್ಲಿ ನ್ಯಾಯ ಹೇಳುತ್ತಿದ್ದವರು. ತಪ್ಪು ಮಾಡಿದವನು ಟವಲನ್ನು ಸೊಂಟಕ್ಕೆ ಕಟ್ಟಿ, ಎಲ್ಲರ ಮುಂದೆ ಕೈ ಮುಗಿದು 'ತಪ್ಪಾಯ್ತು' ಅನ್ನಬೇಕಿತ್ತು. ಅಂದರೆ ಅಲ್ಲಿಗೆ ಮುಗಿಯಿತು. ಯಾಕಾಯಿತು, ಹೇಗಾಯಿತು, ನಾಳೆ ಮತ್ತೆ ಆಗದಿರಲು ಏನು ಮಾಡಬೇಕು ಎಂಬ ಯೋಚನೆ ಯಾರಿಗೂ ಬೇಕಿರಲಿಲ್ಲ. ಮಗ ಅದನ್ನೇ ಮಹಡಿಗೆ ತಂದಿದ್ದರು. ಸಾಫ್ಟ್‌ವೇರಿನಲ್ಲಿ ಏನು ಕೆಟ್ಟರೂ ಒಬ್ಬರು ಬಿಳಿ ಹಾಳೆಯಲ್ಲಿ ಕೈಯಾರೆ ತಪ್ಪೊಪ್ಪಿಗೆ ಬರೆದು ಸಹಿ ಹಾಕಬೇಕು. ಕೆಲಸ ಕೊಟ್ಟವರಿಗೆ ಅದನ್ನು ತೋರಿಸಿದರೆ ಅವರಿಗೂ ಸಮಾಧಾನ. ಆಮೇಲೆ ಅದು ಕೆಂಪು ಫೈಲಿಗೆ ಸೇರುತ್ತದೆ. ವರ್ಷಕ್ಕೊಮ್ಮೆ, ಸಂಬಳದ ಮಾತು ಬಂದ ದಿನ, ಆ ಫೈಲು ಮೇಜಿನ ಮೇಲೆ ಬಂದು ಕೂರುತ್ತದೆ.

ವನಿತಾಳದೂ ಒಂದು ಕಾಗದ ಅದರಲ್ಲಿದೆ. ಕೆಲಸಕ್ಕೆ ಸೇರಿದ ಎರಡನೇ ವರ್ಷ ಅವರೇ ಹೇಳಿ ಮಾಡಿಸಿದ ಬದಲಾವಣೆಯೊಂದು ಕೈಕೊಟ್ಟಾಗ ಬರೆದದ್ದು. ತೆರಕಣಾಂಬಿ ಮಂಡಿಯಲ್ಲಿ ಮೂವತ್ತು ವರ್ಷ ಮೂಟೆ ಹೊತ್ತ ಅಪ್ಪ ಪುಟ್ಟಮಾದಯ್ಯ ಆಗ ಬೆನ್ನು ಹಿಡಿದು ಮಲಗಿದ್ದ. ಕೆಲಸ ಬಿಡುವ ಹಾಗಿರಲಿಲ್ಲ. ಬರೆದುಕೊಟ್ಟು ತನ್ನೂರು ಹರವೆಗೆ ಬಂದು, ಊಟ ಬೇಡವೆಂದು ಮಲಗಿದಳು. ಯಾರಿಗೂ ಹೇಳಲಿಲ್ಲ. ಆಮೇಲೆ ಅವಳನ್ನು ತಂಡದ ಮುಖ್ಯಸ್ಥೆ ಮಾಡಿದರು. ಅಂದಿನಿಂದ ಕಾಗದ ಬರೆಸುವ ಕೆಲಸವೂ ಅವಳ ಪಾಲಿಗೆ ಬಂತು. ಬೀರುವಿನ ಬೀಗದ ಕೈಯೂ ಅವಳ ಹತ್ತಿರವೇ.

ಹೂವಿನ ಕೇಂದ್ರದ ಗೇಟಿನಲ್ಲಿ ಜನ ಕೊತಕೊತ ಕುದಿಯುತ್ತಿದ್ದರು. ಬೆಳಗಿನ ಜಾವ ಕಿತ್ತ ಹೂವು ಚೀಲದಲ್ಲಿ ಬಿಸಿಯೇರಿದರೆ ಕಪ್ಪಾಗುತ್ತದೆ, ಕಪ್ಪಾದದ್ದನ್ನು ಕಾರ್ಖಾನೆ ಮುಟ್ಟುವುದಿಲ್ಲ. ಸಿದ್ದಮಲ್ಲಪ್ಪ ಎಂಬ ಮುದುಕರು ಟೆಂಪೋದಿಂದ ಇಳಿದು ಬಂದು ಚೀಲದಿಂದ ಬಾಚಿದ ಹೂವನ್ನು ವನಿತಾಳ ಮುಖದ ಹತ್ತಿರವೇ ಹಿಡಿದರು.

"ಮುಟ್ಟು ನೋಡವ್ವ, ಮುಟ್ಟು. ಸುಡ್ತಾ ಅದೆ. ನನ್ ಮಗ ಮಾದೇವ್ನೂ ಬಾವಿ ಮನೆಯವ್ನೂ ಒಬ್ನೇ ಅಂತೆ! ಯಾರು ಕಣವ್ವ ಇದ್ನ ಮಾಡ್ದೋರು?"

ಹಿಂದೆ ನಿಂತಿದ್ದ ಶಿವಾನಿ ಒಂದು ಹೆಜ್ಜೆ ಹಿಂದಕ್ಕೆ ಸರಿದಳು.

"ನಾನೇ ಕಣಯ್ಯ," ಎಂದಳು ವನಿತಾ. "ಬೈರಿ. ಬೈತಾ ಇರಿ, ನಾನು ಸರಿ ಮಾಡ್ತೀನಿ."

ಅಷ್ಟರಲ್ಲಿ ಗೇಟಿನ ಚಿಲಕ ತೆಗೆದ ಸದ್ದಾಯಿತು. ತೂಕದ ಯಂತ್ರದ ಹತ್ತಿರ ನಿಂತಿದ್ದವನು ಗೇಟು ಅರ್ಧ ಸರಿಸಿ, ತಾನೇ ಸರದಿ ಬರೆದುಕೊಂಡಿದ್ದ ನೋಟ್‌ಬುಕ್ಕು ನೋಡಿ ಕೂಗತೊಡಗಿದ್ದ: "ಬಾವಿ ಮನೆ ಮಾದೇವಣ್ಣ ಬಾ. ಮಿಲ್ಟ್ರಿ ಮಾದೇವಣ್ಣ ಆಮ್ಯಾಕೆ. ಏಯ್ ಸೊಟ್ಟಮೂತಿ, ನಿಂದು ಎಂಟೂಕಾಲ್ಗೆ ಕಣ್ಲಾ, ಹಿಂದಕ್ ತಗೊ ಗಾಡಿಯ."

ಅವನು ಸುನೀಲ್ ಕುಮಾರ್. ವನಿತಾ ಅವನನ್ನು ನೋಡಿ ಎರಡು ವರ್ಷವಾಗಿತ್ತು.

ಎರಡು ವರ್ಷದ ಹಿಂದೆ ಅವನು ಅವಳ ತಂಡದಲ್ಲಿದ್ದ. ಅವಳು ಕಂಡ ಎಂಜಿನಿಯರುಗಳಲ್ಲೇ ಚುರುಕು. 'ಕರೆಯುವ ಹೆಸರು' ಕಾಲಂ ಅವನದೇ. ಯಾರೂ ಹೇಳದಿದ್ದರೂ ಹಳ್ಳಿ ಹಳ್ಳಿ ಸುತ್ತಿ ಹೆಸರು ಕೇಳಿಕೊಂಡು ಬಂದು ಸೇರಿಸಿದ್ದ. ಸಾಫ್ಟ್‌ವೇರು ತೋರಿಸುವ ದಿನ ಕಾರ್ಖಾನೆಯ ದೊಡ್ಡವರು ಊರಾಚೆಯಿಂದ ಬಂದಿದ್ದರು. ಗೋಡೆಯ ಮೇಲೆ ದೊಡ್ಡದಾಗಿ 'ಸೊಟ್ಟಮೂತಿ' ಎಂದು ಮೂಡಿದಾಗ ಅವರು ಬಿದ್ದು ಬಿದ್ದು ನಕ್ಕರು. ಮಲ್ಲಿಕಾರ್ಜುನಸ್ವಾಮಿಯವರ ಮುಖ ಸಣ್ಣದಾಯಿತು. ಅವತ್ತೇ ಸಂಜೆ ಕಾಗದ ಕೇಳಿದರು. ಕಾಲಮ್ಮನ್ನು ಪರದೆಯ ಮೇಲೆ ಕಾಣದ ಹಾಗೆ ಒಳಗಿಟ್ಟುಕೊಳ್ಳಲು ವನಿತಾ ಅವರನ್ನು ಒಪ್ಪಿಸಿದಳು. ಕಾಗದ ಬೇಡವೆಂದು ಒಪ್ಪಿಸಲು ಹೋಗಲೇ ಇಲ್ಲ. ಹಾಳೆ, ಪೆನ್ನು ತೆಗೆದುಕೊಂಡು ಸುನೀಲನ ಮೇಜಿಗೆ ಹೋಗಿ, "ಬರ್ದುಕೊಟ್ಬುಡು ಸುನೀಲ, ಏನೂ ಆಗಲ್ಲ, ನಾನೂ ಬರ್ದಿವ್ನಿ" ಎಂದಿದ್ದಳು. ಅವನು ಬರೆದುಕೊಟ್ಟ. ಮರುವಾರದಿಂದ ಬರಲಿಲ್ಲ.

ಈಗ ಅವನು ಅವಳತ್ತ ನೋಡದೆ, "ಹಳೇ ಪ್ರತಿ ಐತಾ ಮೇಡಂ? ಹಾಕ್ಕೊಳಿ. ಅಲ್ಲೀಗಂಟ ನಾನು ಬುಕ್ ನೋಡ್ಕಂಡು ಬುಡ್ತೀನಿ" ಎಂದ. ಹಿಂದೆ ಅಕ್ಕ ಅನ್ನುತ್ತಿದ್ದ.

ಶಿವಾನಿಯ ಲ್ಯಾಪ್‌ಟಾಪಿನಲ್ಲಿ ಶನಿವಾರ ಮಧ್ಯಾಹ್ನದ ಪ್ರತಿ ಇತ್ತು. ಇಬ್ಬರೂ ಖಾಲಿ ಕ್ರೇಟುಗಳ ಮೇಲೆ ಕೂತು ಒಂಬತ್ತೂವರೆ ಹೊತ್ತಿಗೆ ಎಲ್ಲ ಮಹದೇವರನ್ನೂ ಬೇರೆ ಬೇರೆ ಮಾಡಿದರು. ಅಷ್ಟಾದರೂ ಹನ್ನೊಂದು ಗಾಡಿಯ ಹೂವು ಕಪ್ಪಾಗಿ ವಾಪಸು ಹೋಯಿತು. ಅದರಲ್ಲಿ ಸಿದ್ದಮಲ್ಲಪ್ಪನವರದೂ ಒಂದು. ಅವರು ಹೋಗುವಾಗ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ಹತ್ತಕ್ಕೆ ಮಾಲೀಕರ ಫೋನು ಬಂತು. "ಸರಿ ಹೋಯ್ತಂತಲ್ಲಮ್ಮ, ಒಳ್ಳೇದು. ನಾಳೆ ಹನ್ನೊಂದಕ್ಕೆ ಸೋಮೇಶ್ ಬರ್ತಾರೆ. ಆ ಹುಡುಗಿ ಕೈಲಿ ಕಾಗದ ಬರೆಸಿಟ್ಟಿರು. ಇಲ್ಲಾಂದ್ರೆ ಅವಳನ್ನ ಕಳಿಸಿಬಿಡು, ಅದೂ ಆಗುತ್ತೆ."

ಮಂಗಳವಾರ ಬೆಳಿಗ್ಗೆ ಎಂಟಕ್ಕೆ, ಯಾರೂ ಬರುವ ಮುಂಚೆ, ವನಿತಾ ಬೀರು ತೆಗೆದು ಕೆಂಪು ಫೈಲು ಹೊರಗಿಟ್ಟಳು. ಅಷ್ಟು ವರ್ಷದಲ್ಲಿ ಅವಳು ಅದಕ್ಕೆ ಕಾಗದ ಸೇರಿಸಿದ್ದಳೇ ಹೊರತು ಓದಿರಲಿಲ್ಲ. ಮೊದಲಿನಿಂದ ಓದತೊಡಗಿದಳು. ಪಕ್ಕದಲ್ಲಿ ಸಾಫ್ಟ್‌ವೇರಿಗೆ ಆದ ಬದಲಾವಣೆಗಳ ದಾಖಲೆ ತೆಗೆದಿಟ್ಟು ತಾರೀಖು ತಾರೀಖಿಗೆ ತಾಳೆ ನೋಡಿದಳು. ಇಪ್ಪತ್ತಾರು ಕಾಗದಗಳಲ್ಲಿ ಹತ್ತೊಂಬತ್ತು ತಪ್ಪುಗಳು ಒಂದೇ ತರಹ: ವಾರದ ಕೊನೆಯಲ್ಲಿ ಮಾಲೀಕರು ಯಾರೋ ಚಿಕ್ಕವರಿಗೆ ನೇರವಾಗಿ ಫೋನು ಮಾಡಿದ್ದಾರೆ, ಅವರು ಹೆದರಿ ಮಾಡಿದ್ದಾರೆ, ಮೇಲಿನವರು ನೋಡಿಲ್ಲ. ಕೆಲಸ ಎಲ್ಲಿ ಕೆಡುತ್ತಿದೆ ಎಂಬುದು ಈ ಬೀರುವಿನಲ್ಲೇ ಕೂತಿತ್ತು. ಮಾಲೀಕರು ಅದಕ್ಕೆ ಬೀಗ ಹಾಕಿಸಿದ್ದರು, ಬೀಗ ಹಾಕುತ್ತಿದ್ದವಳು ತಾನು.

ಒಂಬತ್ತಕ್ಕೆ ಶಿವಾನಿ ಬಂದಳು. ಕಣ್ಣು ಒಣಗಿದ್ದವು. ಬ್ಯಾಗಿನಿಂದ ಮಡಚಿದ ಹಾಳೆ ತೆಗೆದು ಮೇಜಿನ ಮೇಲಿಟ್ಟಳು.

"ಬರ್ಕೊಂಡೇ ಬಂದಿವ್ನಿ ಅಕ್ಕ. ಹೆಂಗೆ ಬರೀಬೇಕು ಅಂತ ಟೀಮ್ನೋರೆಲ್ಲ ಹೇಳ್ಕೊಟ್ರು."

ವನಿತಾ ಬಿಡಿಸಿ ನೋಡಿದಳು. 'ನನ್ನ ಅಜಾಗರೂಕತೆಯಿಂದ ಸಂಸ್ಥೆಗೆ ಕೆಟ್ಟ ಹೆಸರು ಬಂದಿದ್ದು, ಇದಕ್ಕೆ ನಾನೊಬ್ಬಳೇ ಹೊಣೆ. ಇನ್ನು ಮುಂದೆ ಸ್ವಂತ ಬುದ್ಧಿ ಉಪಯೋಗಿಸದೆ ಹಿರಿಯರು ಹೇಳಿದಂತೆ ನಡೆದುಕೊಳ್ಳುತ್ತೇನೆ.' ಈ ಮಾತುಗಳನ್ನು ಅವಳು ಎಲ್ಲಿಂದಲೋ ಗುರುತಿಸಿದಳು. ಇವು ಮಲ್ಲಿಕಾರ್ಜುನಸ್ವಾಮಿಯವರ ಮಾತುಗಳಲ್ಲ. ಮೊದಲ ಸಲ ಒಬ್ಬನಿಂದ ಬರೆಸುವಾಗ, ಬೇಗ ಮುಗಿಯಲಿ ಎಂದು ಅವಳೇ ಹೇಳಿ ಬರೆಸಿದ್ದವು. ತಂಡದವರು ಬಾಯಿಪಾಠ ಮಾಡಿಕೊಂಡು ಒಬ್ಬರಿಗೊಬ್ಬರು ಕೊಟ್ಟುಕೊಳ್ಳುತ್ತಿದ್ದರು.

ಹಿಂದಿನ ದಿನದಿಂದ ಮಾಲೀಕರ ಮೇಲೆ ಉರಿಯುತ್ತಿದ್ದ ಸಿಟ್ಟು ಆಗ ತಿರುಗಿ ಅವಳಿಗೇ ಬಡಿಯಿತು. ಅವಳು ಆ ಹಾಳೆಯನ್ನು ಹರಿದು ಹಾಕಿದಳು.

"ಓಗಿ ಕೂತ್ಕೊ," ಎಂದಳು. "ಆ ಕಾಲಂ ಯಾಕೆ ಬೇಕು ಅಂತ ಒಂದು ಪುಟ ಬರಿ. ತಪ್ಪಾಯ್ತು ಅಂತ ಒಂದು ಕಡೆ ಬಂದ್ರೂ ಹರಿದಾಕ್ತೀನಿ."

ಹನ್ನೊಂದಕ್ಕೆ ಸೋಮೇಶ್ ಬಂದು ಮಾಲೀಕರ ಕೋಣೆಯಲ್ಲಿ ಕಾಫಿ ಹಿಡಿದು ಕೂತಿದ್ದರು. ವನಿತಾ ಫೈಲು ತೆಗೆದುಕೊಂಡು ಒಳಗೆ ಹೋದಳು. ಬಾಗಿಲು ಮುಚ್ಚಲಿಲ್ಲ.

"ಕೊಡಮ್ಮ," ಎಂದು ಮಲ್ಲಿಕಾರ್ಜುನಸ್ವಾಮಿಯವರು ಕೈ ಚಾಚಿದರು.

"ಇಲ್ಲ ಸಾರ್. ಬರೆದಿದ್ದಳು, ಹರಿದು ಹಾಕ್ದೆ."

ಅವರು ಸೋಮೇಶರ ಕಡೆ ನೋಡಿ ನಕ್ಕರು. ಮನೆಯ ಮಗಳು ಅತಿಥಿಗಳ ಮುಂದೆ ಹಟ ಮಾಡಿದಾಗ ನಗುವ ನಗೆ. "ಇಷ್ಟಕ್ಕೆಲ್ಲ ಯಾಕಮ್ಮ ರಂಪ? ನೀನೂ ಬರೆದುಕೊಟ್ಟಿದ್ದೆಯಲ್ಲ? ಏನು ಕಳ್ಕೊಂಡೆ? ಇವತ್ತು ಏಳು ಜನದ ಮೇಲೆ ಕೂತಿದ್ದೀಯ."

"ಅವರ ಮೇಲೇ ಕೂತಿದ್ದೀನಿ ಸಾರ್," ಎಂದಳು ವನಿತಾ. ಹೊರಗೆ ಏಳು ಕೀಬೋರ್ಡುಗಳೂ ನಿಂತಿದ್ದವು. ಅವಳ ದನಿ ಅಷ್ಟು ಇಳಿದಿತ್ತು, ಆದರೂ ಎಲ್ಲರಿಗೂ ಕೇಳಿಸುತ್ತಿತ್ತು. "ಇದರಲ್ಲಿ ಇಪ್ಪತ್ತಾರು ಕಾಗದ ಇದಾವೆ. ಹತ್ತೊಂಬತ್ತರಲ್ಲಿ ನಿಮ್ಮ ಫೋನು ಇದೆ. ನಿಮ್ಮ ಕೈಬರಹದ್ದು ಒಂದೂ ಇಲ್ಲ. ಅದು ಹಾಳಾಗಲಿ. ಒಂಬತ್ತು ಕಾಗದ ನಾನು ಬರೆಸಿದ್ದು. ಹಾಳೆ ಪೆನ್ನು ಹಿಡ್ಕೊಂಡು ಹೋಗಿ, ಏನೂ ಆಗಲ್ಲ ಅಂತ ಹೇಳಿ ಬರೆಸಿದ್ದು. ಹತ್ತನೇದು ಬರೆಸಲ್ಲ."

"ಯಾರ ಮುಂದೆ ಮಾತಾಡ್ತಾ ಇದ್ದೀಯ ಅಂತ ಪ್ರಜ್ಞೆ ಇದೆಯಾ?" ಎಂದರು ಅವರು. ನಗು ಹೋಗಿತ್ತು.

ಸೋಮೇಶ್ ಕಾಫಿ ಲೋಟ ಕೆಳಗಿಟ್ಟರು. "ಅಂಗಾರೆ ತಪ್ಪು ಯಾರ್ದು ಮೇಡಂ? ನಮ್ ಮೇಲಿನೋರ್ಗೆ ನಾನೇನು ಹೇಳ್ಲಿ?"

"ಕಾಲಂ ತೆಗಿ ಅಂತ ಫೋನು ಮಾಡಿದ್ದು ನಮ್ಮ ಸಾರ್. ಓದದೆ ಆಗಲಿ ಅಂದಿದ್ದು ನಾನು. ಹೇಳಿದ ಕೆಲಸ ಮಾಡಿದ್ದು ಐದು ತಿಂಗಳ ಹುಡುಗಿ. ಹೀಗೇ ಹೇಳಿ. ಇನ್ನು ಮೇಲೆ ಯಾರು ಕೇಳಿದ್ರು, ಯಾಕೆ ಕೇಳಿದ್ರು ಅಂತ ಬರೆದು ಕೊಡದೆ, ಇಬ್ಬರು ಕೂತು ನೋಡದೆ, ಒಂದಕ್ಷರ ಒಳಗೆ ಹೋಗಲ್ಲ ಅಂತಲೂ ಹೇಳಿ. ನಿಮ್ಮ ರೈತರಿಗೆ ಬೇಕಾಗಿರೋದು ಅದು. ಈ ಹುಡುಗಿ ಕೈ ಮುಗಿದ್ರೆ ಕಪ್ಪಾದ ಹೂವು ಕೆಂಪಾಗಲ್ಲ."

ಮಾಲೀಕರು ಅವಳನ್ನು ಅವತ್ತೇ ಕಳಿಸಿಬಿಡಬಹುದಿತ್ತು, ಕಳಿಸಲಿಲ್ಲ. ದೊಡ್ಡ ಮನಸ್ಸಿನಿಂದಲ್ಲ. ಆ ಸಾಫ್ಟ್‌ವೇರಿನ ಒಳಹೊರಗು ಬಲ್ಲವರು ಅವಳನ್ನು ಬಿಟ್ಟರೆ ಇನ್ನೊಬ್ಬರಿರಲಿಲ್ಲ, ಮತ್ತು ಸೋಮೇಶ್ ಅವಳು ಹೇಳಿದ್ದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದರು. ಮೂರು ತಿಂಗಳಿಂದ ಮಾಲೀಕರು ಅವಳ ಜೊತೆ ಮಾತಾಡಿಲ್ಲ. ಹೇಳಬೇಕಾದ್ದನ್ನೆಲ್ಲ ಬರೆದು ಕಳಿಸುತ್ತಾರೆ. ಅವಳಿಗೆ ಬೇಕಾಗಿದ್ದದ್ದೂ ಅದೇ. ಶಿವಾನಿ ಕೆಲಸದಲ್ಲಿದ್ದಾಳೆ, ಈಗ ವನಿತಾ ಕಳಿಸಿದ್ದರಲ್ಲೂ ತಪ್ಪು ಹುಡುಕಿ ತೋರಿಸುತ್ತಾಳೆ.

ಅವತ್ತು ಕೋಣೆಯಿಂದ ಹೊರಬಂದವಳೇ ಫೈಲಿನ ದಾರ ಬಿಚ್ಚಿ ಅವರವರ ಕಾಗದವನ್ನು ಅವರವರ ಮೇಜಿನ ಮೇಲಿಟ್ಟಳು. ಒಬ್ಬಳು ಅಲ್ಲೇ ಚೂರು ಚೂರು ಮಾಡಿದಳು, ಒಬ್ಬ ಓದದೆ ಜೇಬಿಗಿಟ್ಟ. ಸುನೀಲನದನ್ನು ಸ್ಕೂಟರಿನ ಡಿಕ್ಕಿಯಲ್ಲಿಟ್ಟುಕೊಂಡು ಮಧ್ಯಾಹ್ನವೇ ಗುಂಡ್ಲುಪೇಟೆಗೆ ಹೋದಳು.

ಅವನು ತೂಕದ ಯಂತ್ರದ ಹತ್ತಿರ ಬುತ್ತಿ ಬಿಚ್ಚಿಕೊಂಡು ಕೂತಿದ್ದ. ಕೈ ಒರೆಸಿಕೊಂಡು ಕಾಗದ ತೆಗೆದುಕೊಂಡು, ನಿಧಾನವಾಗಿ ಪೂರ್ತಿ ಓದಿದ.

"ತಪ್ಪು ನಂದು ಸುನೀಲ," ಎಂದಳು ವನಿತಾ. "ಆವತ್ತು ನಾನು ನಿನ್ ಪರ ನಿಲ್ಬೇಕಿತ್ತು. ಆ ಕಾಲಂ ಇಲ್ದಿದ್ರೆ ಏನಾಯ್ತದೆ ಅಂತ ಊರೆಲ್ಲ ನೋಡ್ತು. ವಾಪಸ್ ಬಾ. ನಾನು ಕೇಳ್ತಾ ಇವ್ನಿ."

"ನಿಮ್ಗೆ ಆವತ್ತೇ ಗೊತ್ತಿತ್ತು ಮೇಡಂ, ಅದು ಬೇಕು ಅಂತ," ಎಂದ ಅವನು. "ಅದ್ಕೇ ಕಾಲಂ ಉಳಿಸ್ಕೊಂಡ್ರಿ. ನನ್ನ ಉಳಿಸ್ಕೊಳ್ಳಲಿಲ್ಲ."

 

ಅವನು ಕಾಗದವನ್ನು ಮೊದಲಿದ್ದ ಹಾಗೆಯೇ ಮಡಚಿ ಅವಳ ಕೈಗೆ ವಾಪಸು ಕೊಟ್ಟ. "ಕೈ ನಂದು, ಮಾತು ನಿಮ್ದು. ಇದ್ನ ನೀವೇ ಇಟ್ಕಳಿ."

ಗೇಟಿನಲ್ಲಿ ಗಾಡಿಯೊಂದು ಹಾರನ್ ಮಾಡಿತು. ಅವನು ಬುತ್ತಿ ಮುಚ್ಚಿಟ್ಟು, ನೋಟ್‌ಬುಕ್ಕು ತೆಗೆದುಕೊಂಡು, ಮೂಲೆಮನೆ ಮಾದೇವನನ್ನು ಹೆಸರು ಹಿಡಿದು ಕರೆಯುತ್ತ ಎದ್ದು ಹೋದ.